ಜುಲೈ ಮಳೆಯಲ್ಲಿ ಹರ್ಬೇರಿಯಂ: ನಾನು ಒಣಗಿಸುವ ಕ್ರಮ

ಮಲೆನಾಡಿನ ಮನೆಯಲ್ಲಿ ಕೂತು ಮಳೆಗಾಲದ ಗಿಡ ಒಣಗಿಸಿ ಹರ್ಬೇರಿಯಂ (ಹಾಳೆಗೆ ಅಂಟಿಸಿದ ಒಣಗಿಡಗಳ ಸಂಗ್ರಹ) ಮಾಡುವುದು ಆಗದ ಮಾತು ಎಂದವರಲ್ಲಿ ಹೆಚ್ಚಿನವರು ನಮ್ಮವರೇ, ಅಂದರೆ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಓವನ್ ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ, ಓವನ್ ಇದ್ದರೆ ಕರೆಂಟ್ ಇರುವುದಿಲ್ಲ, ಎರಡೂ ಇದ್ದರೆ ಗಿಡ ಕರಿಯಾಗುತ್ತದೆ ಎಂಬುದು ಅವರ ವಾದ. ಮೂರೂ ಸುಳ್ಳಲ್ಲ. ಆದರೂ ಈಗ ನನ್ನ ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಹಾಳೆಗಳೇ ನಾಲ್ಕುನೂರರ ಆಸುಪಾಸು ಇವೆ. ಬಂದು ನೋಡಿದವರು ಮೊದಲು ಕೇಳುವುದು “ಯಾವ ಲ್ಯಾಬಿನಲ್ಲಿ ಒಣಗಿಸಿದಿರಿ ಸಾರ್?” ಎಂದೇ. ಲ್ಯಾಬು ನಮ್ಮ ಮನೆಯ ಹಿಂದಿನ ಕೊಟ್ಟಿಗೆ. ಖರ್ಚು ಎರಡು ಸಾವಿರ ರೂಪಾಯಿಯೊಳಗೆ.

ಮಳೆಗಾಲದಲ್ಲೇ ಯಾಕೆ ಎಂದು ಕೇಳುವವರು ತಮ್ಮ ಕಾಲೇಜಿನ ಹಳೆ ಬೀರು ತೆರೆದು ಲೇಬಲ್‌ಗಳ ತಾರೀಖು ನೋಡಬೇಕು. ಟೂರ್ ಹೋಗುವುದು ಡಿಸೆಂಬರ್–ಜನವರಿಯಲ್ಲಿ, ಹಾಳೆಗಳೂ ಅದೇ ತಿಂಗಳವು. ಹಾಸುಬಂಡೆಯ ಮೇಲೆ ಒಂದೂವರೆ ಅಂಗುಲ ಮಣ್ಣಿನಲ್ಲಿ ಏಳುವ ಯುಟ್ರಿಕ್ಯುಲೇರಿಯ, ಎರಿಯೊಕಾಲಾನ್, ಧರೆಯಲ್ಲಿ (ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿಯಲ್ಲಿ) ನೀರು ಜಿನುಗುವ ಕಡೆ ನಿಲ್ಲುವ ಇಂಪೇಶಿಯನ್ಸ್, ಹುಲ್ಲಿನ ನಡುವಿನ ಹೆಬನೇರಿಯ, ಕಾಡು ಅರಿಶಿನ, ಕಾಡು ಶುಂಠಿ, ಇವೆಲ್ಲ ಮಳೆಯ ಜೊತೆ ಬಂದು ಮಳೆಯ ಜೊತೆ ಹೋಗುವಂಥವು. ಚಳಿಗಾಲಕ್ಕೆ ಹೋದರೆ ಒಣಗಿದ ಕಡ್ಡಿ ಕೂಡ ಸಿಗುವುದಿಲ್ಲ. ಆಗುಂಬೆ ಸುತ್ತ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಸುರಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಈ ನಾಲ್ಕು ತಿಂಗಳಲ್ಲೇ. ಗಿಡ ಇರುವುದೂ ಆಗ, ಒಣಗದಿರುವುದೂ ಆಗ.

ಪ್ರೆಸ್, ಅಂದರೆ ಗಿಡವನ್ನು ಪೇಪರಿನ ನಡುವೆ ಒತ್ತಿ ಹಿಡಿಯುವ ಎರಡು ಚೌಕಟ್ಟು, ಹೇಗಿರಬೇಕು, ಹಾಳೆ ಹೇಗಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. 45 × 30 ಸೆಂ.ಮೀ. ಪ್ರೆಸ್, ಎರಡು ಬೆಲ್ಟ್, ರಟ್ಟು, ಪೇಪರ್ ಎಲ್ಲರ ಬಳಿಯೂ ಇರುತ್ತದೆ. ತೊಂದರೆ ಇರುವುದು ಅವನ್ನು ಜೋಡಿಸುವುದರಲ್ಲಿ.

ಮೊದಲು, ಆಗದೇ ಹೋದವು. ಬರೀ ಪೇಪರ್ ಬದಲಿಸಿ ಒಣಗಿಸುವುದು ಬಯಲುಸೀಮೆಗೆ ಸರಿ. ನಮ್ಮಲ್ಲಿ ಜುಲೈನಲ್ಲಿ ಬದಲಿಸಲು ತರುವ ಪೇಪರೇ ತೇವವಾಗಿರುತ್ತದೆ. ದಿನಕ್ಕೆ ಎರಡು ಸಲ ಬದಲಿಸಿದರೂ ಮೂರನೇ ದಿನ ಹೂವಿನ ಬುಡದಲ್ಲಿ ಬಿಳಿ ನೂಲು ಕಾಣುತ್ತದೆ, ಐದನೇ ದಿನ ಎಲೆ ಕಂದು. ಪೇಪರನ್ನು ಒಲೆಯ ಮೇಲೆ ಕಾಯಿಸಿ ಬದಲಿಸಿದರೆ ಸ್ವಲ್ಪ ವಾಸಿ, ಆದರೆ ಆ ಕೆಲಸಕ್ಕೆ ಒಬ್ಬ ಆಳು ಬೇಕು. ಇನ್ನೊಂದು ಮಾತು: ಬಣ್ಣದ ಪುರವಣಿಯ ನುಣುಪು ಪೇಪರ್ ನೀರು ಕುಡಿಯುವುದೇ ಇಲ್ಲ. ದಿನಪತ್ರಿಕೆಯ ಒರಟು ಹಾಳೆ ಮಾತ್ರ ಆರಿಸಿ ಇಟ್ಟುಕೊಳ್ಳಬೇಕು.

ಒಲೆಯ ಮೇಲಿನ ಅಟ್ಟ ಚೆನ್ನಾಗಿಯೇ ಒಣಗಿಸುತ್ತದೆ. ಬೂಷ್ಟಿಲ್ಲ, ಹುಳವೂ ಹತ್ತಿರ ಬರುವುದಿಲ್ಲ. ಆದರೆ ಹೊಗೆಯ ಜಿಡ್ಡು ಎಲೆಯ ಮೇಲೆ ಕೂತು ರೋಮಗಳನ್ನು ಅಂಟಿಸಿಬಿಡುತ್ತದೆ. ಎಲೆಯ ಕೆಳಮೈಯ ರೋಮ ನೋಡಿ ಸ್ಪೀಶೀಸ್ ಹೇಳಬೇಕಾದ ಗಿಡಗಳಲ್ಲಿ ಇದು ಹಾಳೆಯನ್ನೇ ಕೆಡಿಸಿದಂತೆ. ಅಡಿಕೆ ಡ್ರೈಯರ್‌ನಲ್ಲಿ ಇಟ್ಟು ನೋಡಿದ್ದಾಯಿತು. ಅಲ್ಲಿ ಶಾಖ ಅರವತ್ತು ದಾಟಿ ಎಪ್ಪತ್ತರ ಹತ್ತಿರ ಹೋಗುತ್ತದೆ. ಎಲೆ ಹಪ್ಪಳದಂತೆ ಮುರಿಯುತ್ತದೆ, ಹಸಿರು ಹೋಗಿ ಕಾಫಿ ಬಣ್ಣ ಬರುತ್ತದೆ. ಅದಕ್ಕಿಂತ ಏಲಕ್ಕಿ ಒಣಗಿಸುವವರ ಲೆಕ್ಕ ನಮಗೆ ಹತ್ತಿರ. ಏಲಕ್ಕಿಯ ಹಸಿರು ಉಳಿಯಬೇಕಾದರೆ ಅವರು 45–50 ಡಿಗ್ರಿ ದಾಟಲು ಬಿಡುವುದಿಲ್ಲ. ಆ ಶಾಖವೇ ಎಲೆಗೂ ಸರಿ. ಅದನ್ನು ತಿಳಿದ ಮೇಲೆ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ, ಉಳಿದರ್ಧವೇ ಹೆಚ್ಚು ಕಾಲ ತಿಂದಿತು.

ಯಾಕೆಂದರೆ ಬರೀ ಬಲ್ಬಿನ ಪೆಟ್ಟಿಗೆಯೂ ಸೋತಿತು. ಹೆಚ್ಚಿನವರು ಕೈಬಿಡುವುದು ಇಲ್ಲೇ. ಪೆಟ್ಟಿಗೆ, ನಾಲ್ಕು ಬಲ್ಬು, ಮೇಲೆ ಅಡ್ಡಲಾಗಿ ಮಲಗಿಸಿದ ಪ್ರೆಸ್. ಕೆಳಗಿನ ಎರಡು ಗಿಡ ಸುಟ್ಟ ಹಾಗೆ, ನಡುವಿನವು ಬೆಂದ ಹಾಗೆ, ಮೇಲಿನವು ಹಸಿ. ಶಾಖ ಇದೆ, ಹಬೆಗೆ ಹೋಗಲು ದಾರಿಯಿಲ್ಲ. ಒಣಗಿಸುವುದು ಗಾಳಿ, ಬಲ್ಬು ಆ ಗಾಳಿಯನ್ನು ತಯಾರು ಮಾಡುತ್ತದೆ ಅಷ್ಟೆ. ನಮ್ಮ ಜುಲೈನ 24 ಡಿಗ್ರಿಯ ಹಸಿ ಗಾಳಿಯನ್ನು 45ಕ್ಕೆ ಏರಿಸಿದರೆ ಆರ್ದ್ರತೆ ಶೇ. 30ರ ಸುತ್ತ ಬಂದು ನಿಲ್ಲುತ್ತದೆ. ಅಷ್ಟು ಒಣ ಗಾಳಿ ಪ್ರತಿ ಗಿಡದ ಪಕ್ಕದಲ್ಲೂ ಹಾದುಹೋಗುವಂತೆ ಮಾಡಿದರೆ ಸಾಕು.

ಅದಕ್ಕೆ ಬೇಕಾದ್ದು ತೂತಿನ ರಟ್ಟು, ಅಂದರೆ ಟಿ.ವಿ., ಫ್ರಿಜ್ ಪೆಟ್ಟಿಗೆಯ ಅಲೆಅಲೆ ರಟ್ಟು. ಕತ್ತರಿಸುವಾಗ ಒಳಗಿನ ಕೊಳವೆಗಳು 30 ಸೆಂ.ಮೀ. ಅಗಲದ ದಿಕ್ಕಿಗೆ ಬರಬೇಕು, 45ರ ಉದ್ದಕ್ಕಲ್ಲ. ದಾರಿ ಚಿಕ್ಕದಾದಷ್ಟೂ ಗಾಳಿ ಸಲೀಸಾಗಿ ದಾಟುತ್ತದೆ. ಪೆಟ್ಟಿಗೆ ಸಿಕ್ಕಿದ ಖುಷಿಯಲ್ಲಿ ಉದ್ದಕ್ಕೆ ಕೊಯ್ದರೆ ಅಷ್ಟೂ ರಟ್ಟು ದಂಡ. ಪ್ರೆಸ್ಸನ್ನು ಮಲಗಿಸಬೇಡಿ, ಉದ್ದದ ಅಂಚಿನ ಮೇಲೆ ನಿಲ್ಲಿಸಿ. ಆಗ ಕೊಳವೆಗಳ ಬಾಯಿ ಕೆಳಗೂ ಮೇಲೂ ಬರುತ್ತದೆ, ಬಿಸಿಗಾಳಿ ತಾನಾಗಿ ಮೇಲೇರುತ್ತದೆ.

ಪೆಟ್ಟಿಗೆಯ ಅಳತೆ ಹೀಗಿದೆ. 12 ಮಿ.ಮೀ. ಪ್ಲೈವುಡ್, ಒಳಗೆ ಸುಮಾರು 48 ಸೆಂ.ಮೀ. ಉದ್ದ, 34 ಅಗಲ, 65 ಎತ್ತರ. ತಳದಲ್ಲಿ 60 ವಾಟಿನ ನಾಲ್ಕು ಬಲ್ಬು, ಹಳೆಯ ತಂತಿಯ ಬಲ್ಬೇ ಆಗಬೇಕು. (ಎಲ್‌ಇಡಿ ಹಾಕಿ ಪೆಟ್ಟಿಗೆ ಬಿಸಿಯೇ ಆಗಲಿಲ್ಲ ಎಂದು ಫೋನ್ ಮಾಡಿದ ಮಹಾನುಭಾವರಿದ್ದಾರೆ, ಫಿಸಿಕ್ಸ್ ಡಿಪಾರ್ಟ್‌ಮೆಂಟಿನವರು.) ಬಲ್ಬಿನ ನೆತ್ತಿಯಿಂದ ಪ್ರೆಸ್‌ನ ತಳಕ್ಕೆ ಒಂದಡಿ ಅಂತರ. ನಡುವೆ ಕಬ್ಬಿಣದ ಜಾಲರಿ ಹಾಕಲೇಬೇಕು. ಒಣಗಿದ ಎಲೆ, ಪೇಪರ್ ಚೂರು ಬಲ್ಬಿನ ಮೇಲೆ ಬಿದ್ದರೆ ಕೊಟ್ಟಿಗೆಯೇ ಹೋದೀತು. ಜಾಲರಿಯ ಮೇಲೆ ಎರಡು ಕಬ್ಬಿಣದ ಸರಳು, ಅದರ ಮೇಲೆ ಪ್ರೆಸ್. ಕೆಳಬದಿಯಲ್ಲಿ 12 ಸೆಂ.ಮೀ. ತೂತು ಕೊರೆದು ಹಳೆ ಕಂಪ್ಯೂಟರಿನ ಫ್ಯಾನು ಒಳಮುಖವಾಗಿ ಕೂರಿಸಬೇಕು. ಫ್ಯಾನಿಗೆ ರೌಟರಿನ 12 ವೋಲ್ಟ್ ಅಡಾಪ್ಟರ್ ಸಾಕು. ಶಾಖ ಹಿಡಿದಿಡಲು ಕೋಳಿಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್‌ಗೆ ಹಾಕುವ ಥರ್ಮೋಸ್ಟಾಟ್. ಅದರ ಸೆನ್ಸರ್ ಪ್ರೆಸ್‌ನ ಕೆಳಗಡೆ ಇರಲಿ, 48ಕ್ಕೆ ಇಡಿ.

ಪೆಟ್ಟಿಗೆಯ ಬಾಯಿಗೂ ಪ್ರೆಸ್‌ಗೂ ನಡುವೆ ಉಳಿಯುವ ಸಂದಿ ಚಿಕ್ಕದು ಎನಿಸುತ್ತದೆ. ಗಾಳಿಗೆ ಅದೇ ಹೆದ್ದಾರಿ. ಅಲ್ಲಿ ಹಳೆ ಕಂಬಳಿ ತುಂಡು ತುರುಕದಿದ್ದರೆ ಗಾಳಿಯೆಲ್ಲ ಪಕ್ಕದಿಂದಲೇ ಹೋಗುತ್ತದೆ, ರಟ್ಟಿನ ಕೊಳವೆಯೊಳಗೆ ಹೊಗುವುದಿಲ್ಲ. ಕಂಬಳಿ ತುರುಕಿದ ಮೇಲೆ ಒಣಗುವ ಹೊತ್ತು ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ಊದುಬತ್ತಿ ಹೊಗೆ ಹಿಡಿದು ನೋಡಿದರೆ ಗಾಳಿ ಎಲ್ಲಿಂದ ಹೊರಡುತ್ತಿದೆ ಎಂದು ಕಾಣುತ್ತದೆ.

ಒಣಗಿತೋ ಇಲ್ಲವೋ ತಿಳಿಯಲು ಪದೇ ಪದೇ ಬಿಚ್ಚಿ ನೋಡುವವರಿದ್ದಾರೆ, ಬೇಡ. ಎರಡು ಥರ್ಮಾಮೀಟರ್ ಸಾಕು, ಒಂದು ಕೆಳಗೆ, ಒಂದು ಮೇಲೆ ಗಾಳಿ ಹೊರಡುವಲ್ಲಿ. ಪ್ರೆಸ್ ಹಸಿಯಿದ್ದಾಗ ಕೆಳಗೆ 48 ಇದ್ದರೆ ಮೇಲೆ 34–36 ಮಾತ್ರ ತೋರಿಸುತ್ತದೆ. ಶಾಖವನ್ನೆಲ್ಲ ನೀರು ತಿನ್ನುತ್ತಿರುತ್ತದೆ. ವ್ಯತ್ಯಾಸ ಮೂರ್ನಾಲ್ಕು ಡಿಗ್ರಿಗೆ ಬಂದರೆ ಬಹುಪಾಲು ಗಿಡ ಒಣಗಿದವು ಎಂದೇ ಲೆಕ್ಕ. ಕೊನೆಗೊಮ್ಮೆ ಹಳೆಯ ಪರೀಕ್ಷೆ: ಎಲೆಯನ್ನು ಕೆನ್ನೆಗೆ ಮುಟ್ಟಿಸಿದರೆ ತಣ್ಣಗೆ ಅನಿಸಬಾರದು, ಎತ್ತಿ ಹಿಡಿದರೆ ತಲೆ ಬಾಗಬಾರದು.

ಪ್ರೆಸ್‌ನ ಒಳಗಿನ ಜೋಡಣೆಯಲ್ಲಿ ನಾನು ಬದಲಿಸಿದ್ದು ಬ್ಲಾಟಿಂಗ್ ಪೇಪರ್. ಅದು ಈಗ ಸಿಗುವುದೂ ಕಷ್ಟ, ಸಿಕ್ಕರೂ ಬೆಲೆ ಜಾಸ್ತಿ. ಅದರ ಜಾಗಕ್ಕೆ ಹಳೆ ಹತ್ತಿ ಪಂಚೆ. ಒಗೆದು ಒಗೆದು ಮೆದುವಾದ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ 45 × 30ಕ್ಕೆ ಹೊಲಿಸಿಟ್ಟುಕೊಂಡರೆ ಬ್ಲಾಟಿಂಗ್ ಪೇಪರಿಗಿಂತ ಬೇಗ ನೀರೆಳೆಯುತ್ತದೆ, ಬಿಸಿಲು ಕಂಡ ದಿನ ಒಗೆದು ಹಾಕಬಹುದು. ಟರ್ಕಿ ಟವೆಲ್ ಬೇಡ, ಅದರ ಗಂಟುಗಳ ಅಚ್ಚು ದಳದ ಮೇಲೆ ಬೀಳುತ್ತದೆ. ಟೆರಿಕಾಟ್ ಪಂಚೆ ಏನೂ ಹೀರುವುದಿಲ್ಲ. ಕ್ರಮ ಹೀಗೆ: ರಟ್ಟು, ಪಂಚೆ, ಗಿಡವಿರುವ ಪೇಪರ್, ಪಂಚೆ, ರಟ್ಟು. ಮೊದಲ ಹನ್ನೆರಡು ಗಂಟೆ ಕಳೆದ ಮೇಲೆ ಒಂದು ಸಲ ಬಿಚ್ಚಲೇಬೇಕು. ಗಿಡ ಸೊರಗಿ ಮೆತ್ತಗಾಗಿರುತ್ತದೆ, ಎಲೆಯ ಮಡಿಕೆ ಬಿಡಿಸಲು, ಒಂದೆರಡು ಎಲೆಯ ಕೆಳಮೈ ಮೇಲೆ ಬರುವಂತೆ ತಿರುಗಿಸಲು, ಹೂ ಹರಡಲು ಅದೇ ಸಮಯ. ಆಗಲೇ ಪಂಚೆ ಬದಲಿಸಿ, ಬೆಲ್ಟ್ ಮತ್ತೆ ಬಿಗಿ ಮಾಡಿ. ಗಿಡ ಕುಗ್ಗಿದಂತೆ ಪ್ರೆಸ್ ಸಡಿಲಾಗುತ್ತದೆ. ಸಡಿಲು ಬಿಟ್ಟರೆ ಎಲೆ ಸುಕ್ಕು, ತೀರಾ ಬಿಗಿದರೆ ರಟ್ಟಿನ ಕೊಳವೆ ಚಪ್ಪಟೆಯಾಗಿ ಗಾಳಿಯ ದಾರಿ ಬಂದ್. ದಪ್ಪ ಕಾಂಡದ ಗಿಡವಾದರೆ ಎಲೆಯ ಮೇಲೆ ಒತ್ತಡ ಬೀಳುವುದೇ ಇಲ್ಲ. ಪ್ಯಾಕಿಂಗ್‌ನಲ್ಲಿ ಬರುವ ಒಂದು ಸೆಂ.ಮೀ. ಫೋಮ್ ತುಂಡು ಎಲೆ ಇರುವ ಕಡೆ ಇಟ್ಟರೆ ಸರಿಹೋಗುತ್ತದೆ.

ರಟ್ಟಿನ ಬದಲು ಬೇರೆಯದನ್ನೂ ನೋಡಿದೆ. ಜಾಹೀರಾತು ಬೋರ್ಡಿಗೆ ಬಳಸುವ ಸನ್‌ಪ್ಯಾಕ್ ಶೀಟ್‌ಗೂ ಒಳಗೆ ಕೊಳವೆಗಳಿವೆ, ನೀರಿಗೆ ಮೆತ್ತಗಾಗುವುದಿಲ್ಲ, ಎಷ್ಟು ಬಿಗಿದರೂ ಚಪ್ಪಟೆಯಾಗುವುದಿಲ್ಲ. ಚುನಾವಣೆ ಮುಗಿದ ವಾರ ಪುಕ್ಕಟೆ ಸಿಗುತ್ತದೆ. ಆದರೆ ಪ್ಲಾಸ್ಟಿಕ್ ಆದ್ದರಿಂದ ಹಬೆ ಅದರ ಮೈಮೇಲೆ ಬೆವರಾಗಿ ಕೂರುತ್ತದೆ. ಎರಡೂ ಬದಿ ದಪ್ಪ ಪಂಚೆ ಇದ್ದರೆ ಮಾತ್ರ ಆದೀತು. ಈಗ ನನ್ನದು ಬೆರಕೆ, ಒಂದು ಸನ್‌ಪ್ಯಾಕ್ ಆದರೆ ಎರಡು ರಟ್ಟು. ಛಾವಣಿಯ ಅಲ್ಯೂಮಿನಿಯಂ ಶೀಟಿನ ತುಂಡಿನ ಅಲೆ ತೀರಾ ದೊಡ್ಡದು, ಎಲೆಯ ಮೇಲೆ ಗೀರು ಬೀಳುತ್ತದೆ.

ಸಾಮಾನ್ಯ ಗಿಡಕ್ಕೆ ಈ ಪೆಟ್ಟಿಗೆಯಲ್ಲಿ ಒಂದೂವರೆ ದಿನ, ಹೆಚ್ಚೆಂದರೆ ಎರಡು. ಇನ್ನು ತಕರಾರಿನ ಗಿಡಗಳು.

ಆರ್ಕಿಡ್‌ಗಳು ಪ್ರೆಸ್‌ನೊಳಗೂ ಸಾಯುವುದಿಲ್ಲ. ಗಾಳಿಗೆ ಬಿದ್ದ ಕೊಂಬೆಯಿಂದ ತೆಗೆದ ಡೆಂಡ್ರೋಬಿಯಂ ವಾರಗಟ್ಟಲೆ ಬದುಕಿರುತ್ತದೆ, ಹಾಗೇ ಎಲೆ ಉದುರಿಸುತ್ತದೆ. ಹೂಗೊಂಚಲನ್ನು ಹೊರಗೆ ಹಿಡಿದು ಉಳಿದ ಭಾಗವನ್ನು ಕುದಿಯುವ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ ತೆಗೆಯಬೇಕು. ದಪ್ಪ ಗೆಣ್ಣುಗಳನ್ನು ಉದ್ದಕ್ಕೆ ಸೀಳಿ ಒಳಗಿನ ತಿರುಳು ಕೆರೆಯಬೇಕು. ಬದನಿಕೆಯ ಗುಣವೂ ಇದೇ. ನಿಧಾನವಾಗಿ ಒಣಗಿಸಿದರೆ ಕೊನೆಗೆ ಕೈಗೆ ಸಿಗುವುದು ಕಡ್ಡಿಯೊಂದು ಕಡೆ, ಎಲೆಯೊಂದು ಕಡೆ. ಅದಕ್ಕೂ ಬಿಸಿನೀರೇ ಮದ್ದು. ಕಿರುಎಲೆ ಉದುರಿಸುವ ದ್ವಿದಳ ಧಾನ್ಯದ ಜಾತಿಯವಕ್ಕೂ ಇದನ್ನೇ ಮಾಡುತ್ತೇನೆ. ಅದ್ದಿದ ಮೇಲೆ ಪಂಚೆಯಲ್ಲಿ ಒತ್ತಿ ನೀರು ತೆಗೆಯದೆ ಪ್ರೆಸ್‌ಗೆ ಹಾಕಿದರೆ ಅಕ್ಕಪಕ್ಕದ ಗಿಡಗಳೂ ಹಾಳು.

ಇಂಪೇಶಿಯನ್ಸ್, ನಮ್ಮ ಕರ್ಣಕುಂಡಲದ ಕುಲ, ಈ ಕೆಲಸದ ನಿಜವಾದ ಪರೀಕ್ಷೆ. ಪಶ್ಚಿಮ ಘಟ್ಟದಲ್ಲಿರುವವುಗಳಲ್ಲಿ ಬಹುಪಾಲು ಬೇರೆಲ್ಲೂ ಇಲ್ಲ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ತೀರಿಕೊಂಡ 1911ರವರೆಗೂ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಇದೇ ಕುಲದ ಮೇಲೆ ಕೂತಿದ್ದರು. ಒಣಗಿದ ಹೂವಿನಿಂದ ಏನನ್ನೂ ಬಿಡಿಸಲಾಗದು ಎಂಬುದು ಈ ಕುಲ ಮುಟ್ಟಿದವರಿಗೆಲ್ಲ ಗೊತ್ತು. ಹೂವನ್ನು ಇಡಿಯಾಗಿ ಪ್ರೆಸ್‌ಗೆ ಹಾಕಿದರೆ ಪೇಪರಿಗಂಟಿದ ಗುಲಾಬಿ ಕಲೆ ಮಾತ್ರ ಉಳಿಯುತ್ತದೆ. ಆದ್ದರಿಂದ ಹಸಿಯಿರುವಾಗಲೇ ಬಿಡಿಸಬೇಕು. ತಟ್ಟೆಯಲ್ಲಿ ಒಂದು ಬೆರಳು ನೀರು, ಅದರಡಿ ವಿಸಿಟಿಂಗ್ ಕಾರ್ಡ್ ಅಳತೆಯ ಬಿಳಿ ಕಾರ್ಡ್. ಹೂವನ್ನು ನೀರಿನ ಮೇಲೆ ತೇಲಿಸಿ, ಎರಡು ಸೂಜಿಯಿಂದ ಮೊದಲು ಪಕ್ಕದ ಪುಷ್ಪಪತ್ರಗಳನ್ನು ಬಿಡಿಸಿ (ಎರಡೋ ನಾಲ್ಕೋ ಎಂದು ಅಲ್ಲೇ ಬರೆದುಕೊಳ್ಳಿ), ಆಮೇಲೆ ಬಾಲವಿರುವ ಕೆಳಗಿನ ಪುಷ್ಪಪತ್ರ, ಮೇಲಿನ ದಳ, ಕೊನೆಗೆ ಜೋಡಿ ದಳಗಳು. ಎಲ್ಲವೂ ನೀರಿನಲ್ಲಿ ತಾವಾಗಿ ಹರಡಿಕೊಳ್ಳುತ್ತವೆ. ಕಾರ್ಡನ್ನು ಒಂದು ಬದಿಯಿಂದ ಓರೆಯಾಗಿ ನಿಧಾನಕ್ಕೆ ಎತ್ತಿದರೆ ಭಾಗಗಳು ಕಾರ್ಡಿನ ಮೇಲೆ ಕೂರುತ್ತವೆ. ನೀರು ಬಸಿದು, ಮೇಲೆ ಬಟರ್ ಪೇಪರ್ ಮುಚ್ಚಿ, ಪ್ರೆಸ್‌ನಲ್ಲಿ ಬೇರೆ ಮಡಿಕೆಯಲ್ಲಿ ಇಡಬೇಕು. ಬಟರ್ ಪೇಪರ್ ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತದೆ, ದಳ ಕಾರ್ಡಿನಲ್ಲೇ ಉಳಿಯುತ್ತದೆ. ಒಂದು ಹೂವಿಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಕಾಡು ಅರಿಶಿನ, ಕಾಡು ಶುಂಠಿಯ ಹೂವಿಗೂ ಬಟರ್ ಪೇಪರೇ ಗತಿ. ಅವುಗಳ ತೆನೆಯನ್ನು ಉದ್ದಕ್ಕೆ ಎರಡಾಗಿ ಸೀಳದಿದ್ದರೆ ಒಳಗಿನ ಲೋಳೆ ಕೊಳೆಯುತ್ತದೆ.

ನೀಲಿ ಹೂವಿನ ನೀಲಿ ಉಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ನನ್ನ ಸ್ಟ್ರೊಬಿಲ್ಯಾಂಥಸ್ (ನೀಲಕುರಿಂಜಿಯ ಕುಲ) ಹಾಳೆಗಳನ್ನು ನೋಡಿದವರು ಬಣ್ಣ ಹಚ್ಚಿದ್ದೀರಾ ಎಂದು ಕೇಳಿದ್ದುಂಟು. ಹಚ್ಚಿಲ್ಲ. ಹೇಗೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಕಾಫಿ ಜೊತೆ ತೋರಿಸುತ್ತೇನೆ. ಶಾಖದಲ್ಲೇನೂ ಗುಟ್ಟಿಲ್ಲ, ಅಷ್ಟು ಹೇಳಬಲ್ಲೆ.

ಮೈಕ್ರೋವೇವ್ ಬಗ್ಗೆ ಕೇಳುವವರು ಬಹಳ. ಮನೆಯವರ ಕಣ್ಣು ತಪ್ಪಿಸಿ ಅದನ್ನೂ ಮಾಡಿಯಾಯಿತು. ಎರಡು ಗೋಡೆ ಟೈಲ್ಸ್ ನಡುವೆ ಬಿಳಿ ಟಿಶ್ಯೂ, ಅದರೊಳಗೆ ಗಿಡ, ರಬ್ಬರ್ ಬ್ಯಾಂಡ್; ಮೂವತ್ತು ಸೆಕೆಂಡ್ ಕಾಯಿಸಿ, ತೆರೆದು ಹಬೆ ಬಿಟ್ಟು, ಮತ್ತೆ ಮೂವತ್ತು. ಜರೀಗಿಡ, ತೆಳು ಎಲೆಯ ಹೂಗಳಿಗೆ ಬಣ್ಣ ಅದ್ಭುತವಾಗಿ ಉಳಿಯುತ್ತದೆ. ರಸಭರಿತ ಕಾಂಡ ಒಳಗೇ ಸಿಡಿಯುತ್ತದೆ. ಸ್ಟೇಪ್ಲರ್ ಪಿನ್ ಉಳಿದಿದ್ದರೆ ಕಿಡಿ. ಬೀಜ ಸಾಯುತ್ತದೆ, ಡಿಎನ್‌ಎ ಕೂಡ ಕೆಡುತ್ತದೆ. ಗೋಡೆಗೆ ಫ್ರೇಮ್ ಹಾಕಿಸುವವರಿಗೆ ಸರಿ, ಸಂಶೋಧನೆಯ ಹಾಳೆಗೆ ನಾನು ಬಳಸುವುದಿಲ್ಲ.

ಡಿಎನ್‌ಎ ಮಾತು ಬಂದಿದ್ದರಿಂದ ಒಂದು ಸೇರಿಸುತ್ತೇನೆ. ಪ್ರೆಸ್‌ಗೆ ಹಾಕುವ ಮೊದಲೇ ಎಳೆಯ ಎಲೆಯ ಎರಡು ಚದರ ಅಂಗುಲದಷ್ಟನ್ನು ಹರಿದು, ಖಾಲಿ ಟೀ ಬ್ಯಾಗಿನಲ್ಲಿಟ್ಟು, ಅದರ ಹತ್ತುಪಟ್ಟು ತೂಕದ ಸಿಲಿಕಾ ಜೆಲ್ ಜೊತೆ ಜಿಪ್ ಕವರಿಗೆ ಹಾಕಿ. ಒಂದು ದಿನದಲ್ಲಿ ಗರಿಗರಿಯಾಗಬೇಕು. ಆಗದಿದ್ದರೆ ಜೆಲ್ ಬದಲಿಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಒಳ್ಳೆಯದು. ನಾಳೆ ಯಾರಾದರೂ ಹುಡುಗರು ಪಿಎಚ್‌ಡಿಗೆ ಕೇಳಿಕೊಂಡು ಬಂದರೆ ಕೊಡಲು ಇರುತ್ತದೆ.

ಈಗ ಕರೆಂಟ್. ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕತ್ತಲೆ, ಇದು ನಮ್ಮ ಕಡೆ ಹೊಸದಲ್ಲ. ಇನ್ವರ್ಟರ್ ಬ್ಯಾಟರಿಗೆ 240 ವಾಟ್ ಬಲ್ಬು ಹಾಕಿದರೆ ಮನೆಯಲ್ಲಿ ಜಗಳ. ಆದರೆ ಫ್ಯಾನು ಮಾತ್ರ ಓಡಿಸಬಹುದು, ಅದು ತಿನ್ನುವುದು ಎರಡು ಮೂರು ವಾಟ್. ಶಾಖವಿಲ್ಲದೆಯೂ ಗಾಳಿ ಆಡುತ್ತಿದ್ದರೆ ಬೂಷ್ಟು ಒಂದು ದಿನವಾದರೂ ತಡೆಯುತ್ತದೆ. ಅಷ್ಟರಲ್ಲಿ ಕರೆಂಟ್ ಬರದಿದ್ದರೆ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಗಿಡದ ಮೇಲೂ ಕೆಳಗೂ ಮೂರು ಮೂರು ಪೇಪರ್, ಇಸ್ತ್ರಿಯನ್ನು ಉಜ್ಜದೆ ಒತ್ತಿ ಹಿಡಿದು ಎತ್ತಬೇಕು, ಪೇಪರ್ ತೇವವಾದಂತೆ ಬದಲಿಸಬೇಕು. ಹುಲ್ಲು, ಜೇಕು, ಎರಿಯೊಕಾಲಾನ್‌ಗಳನ್ನು ಇಸ್ತ್ರಿಯಲ್ಲೇ ಪೂರ್ತಿ ಮುಗಿಸಬಹುದು. ಬೂದಿ ಉದುರದಂತೆ ನೋಡಿಕೊಳ್ಳಿ.

ಗಿಡ ಬಹಳ ಇದ್ದು ಕರೆಂಟ್ ಬರುವ ಲಕ್ಷಣವೇ ಇಲ್ಲದಿದ್ದರೆ ಶ್ವೈನ್‌ಫರ್ಟ್ ವಿಧಾನ, ಹತ್ತೊಂಬತ್ತನೇ ಶತಮಾನದ್ದು, ಇಂದಿಗೂ ನಡೆಯುತ್ತದೆ. ಪೇಪರಿನಲ್ಲಿ ಜೋಡಿಸಿದ ಗಿಡಗಳನ್ನು ನಾಲ್ಕು ಅಂಗುಲ ದಪ್ಪದ ಕಟ್ಟು ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಅರ್ಧ ಮುಕ್ಕಾಲು ಲೀಟರ್ ಸ್ಪಿರಿಟ್ ಸುರಿದು, ಗಾಳಿ ಹೊರಗೆ ತೆಗೆದು, ಬಾಯಿಗೆ ಟೇಪ್ ಸುತ್ತಬೇಕು. ಮೆಡಿಕಲ್ ಶಾಪಿನ ಬಾಟಲಿಯ ಮೇಲೆ ಆಲ್ಕೋಹಾಲಿನ ಶೇಕಡಾ ನೋಡಿ ಕೊಳ್ಳಿ. ಎಪ್ಪತ್ತರ ಸುತ್ತ ಇರಬೇಕು, ಕಡಿಮೆಯಾದರೆ ಕೊಳೆಯುತ್ತದೆ. ವಾರಗಟ್ಟಲೆ ಇಡಬಹುದು. ಹಸಿರು ಪೂರ್ತಿ ಹೋಗುತ್ತದೆ, ಎಲೆ ಸ್ವಲ್ಪ ಪೆಡಸಾಗುತ್ತದೆ, ಲೇಬಲ್ ಮೇಲೆ ಸ್ಪಿರಿಟ್ ಹಾಕಿದ್ದು ಎಂದು ಬರೆಯಲೇಬೇಕು. ಒಂದು ಎಚ್ಚರಿಕೆ: ಆ ಕಟ್ಟನ್ನು ನೇರವಾಗಿ ಬಲ್ಬಿನ ಪೆಟ್ಟಿಗೆಗೆ ಇಟ್ಟರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಜಗಲಿಯಲ್ಲಿ ಬಿಚ್ಚಿಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ಒಳಗೆ.

ಕಾಡಿನಲ್ಲಿ ಬರೆಯುವುದಕ್ಕೆ ಎಚ್‌ಬಿ ಪೆನ್ಸಿಲ್ ಬಿಟ್ಟು ಬೇರೇನೂ ಬೇಡ. ಜೆಲ್ ಪೆನ್ ಮಳೆಗೆ ಹೋಗುತ್ತದೆ, ಬಾಲ್ ಪೆನ್ ಸ್ಪಿರಿಟ್‌ಗೆ ಹೋಗುತ್ತದೆ. ನಂಬರ್ ಚೀಟಿ ಗಿಡಕ್ಕೆ ಕಟ್ಟಿ, ಆ ಚೀಟಿ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹೂವಿನ ಬಣ್ಣ, ವಾಸನೆ, ಹಾಲು ಬರುತ್ತದೋ ಇಲ್ಲವೋ, ಎತ್ತರ ಎಲ್ಲ ಅಲ್ಲೇ ಬರೆಯಿರಿ. ಜಿಪಿಎಸ್ ಅಂಕಿ ಇದ್ದ ಮಾತ್ರಕ್ಕೆ ಸಾಲದು, “ಧರೆಯಲ್ಲಿ, ನೀರು ಜಿನುಗುವ ಜಂಬಿಟ್ಟಿಗೆಯ ಮೇಲೆ” ಎಂಬ ಒಂದು ಸಾಲು ಅದಕ್ಕಿಂತ ಹೆಚ್ಚು ಹೇಳುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಲಿಖಿತ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಕೀಳುವಂತಿಲ್ಲ. ನನ್ನ ಹಾಳೆಗಳಲ್ಲಿ ಮುಕ್ಕಾಲುಪಾಲು ತೋಟದಂಚು, ಬೇಲಿ, ಗದ್ದೆಬದು, ರಸ್ತೆ ಬದಿಯವು. ಇಪ್ಪತ್ತು ಗಿಡ ಕಂಡರೆ ಒಂದು ತೆಗೆಯುವುದು, ಅಷ್ಟಿಲ್ಲದಿದ್ದರೆ ಫೋಟೊ. ಇಂಬಳಕ್ಕೆ ಪ್ಯಾಂಟಿನ ಮೇಲಿಂದ ಉದ್ದ ಕಾಲುಚೀಲ, ಅದಕ್ಕೆ ಸುಣ್ಣ ತಂಬಾಕಿನ ನೀರು, ಎಲ್ಲರಿಗೂ ಗೊತ್ತಿರುವುದೇ.

ಒಣಗಿದ್ದನ್ನು ಉಳಿಸುವುದು ಒಣಗಿಸಿದ್ದಕ್ಕಿಂತ ದೊಡ್ಡ ಕೆಲಸ. ತಂಬಾಕು ದುಂಬಿ ಬಂತೆಂದರೆ ಹೂವಿನ ಬುಡದಲ್ಲಿ ಹಿಟ್ಟಿನಂಥ ಪುಡಿ ಕಾಣುತ್ತದೆ. ಆರು ತಿಂಗಳಲ್ಲಿ ಇಡೀ ಕಟ್ಟು ಜರಡಿ. ನಮ್ಮ ಕಾಲದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ವಿಷ ಬಳಿಯುತ್ತಿದ್ದರು. ಮನೆಯಲ್ಲಿ ಅದರ ಹೆಸರೂ ಬೇಡ, ಹಳೆ ಹಾಳೆ ಮುಟ್ಟುವಾಗಲೂ ಕೈಗವಸು ಇರಲಿ. ಬೇವಿನ ಸೊಪ್ಪು, ಬಜೆ ಪುಡಿ ಎರಡನ್ನೂ ಇಟ್ಟು ನೋಡಿದೆ. ಪೇಪರ್ ಹೇನುಗಳು ಬಜೆ ಪೊಟ್ಟಣದ ಮೇಲೆಯೇ ಓಡಾಡಿಕೊಂಡಿದ್ದವು. ನಿಜಕ್ಕೂ ಕೆಲಸ ಮಾಡುವುದು ಚಳಿ: ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ, ಸಾಧ್ಯವಿದ್ದರೆ ಹತ್ತು ದಿನ. ಮನೆಯ ಫ್ರಿಜ್ಜಿನ ಐಸ್ ಗೂಡಿಗೆ ಅಷ್ಟು ಚಳಿ ಸಾಮಾನ್ಯವಾಗಿ ಬರುವುದಿಲ್ಲ, 45 ಸೆಂ.ಮೀ. ಹಾಳೆ ಹಿಡಿಸುವುದಂತೂ ಇಲ್ಲ. ಪೇಟೆಯ ಐಸ್‌ಕ್ರೀಂ ಅಂಗಡಿಯವರಿಗೆ ಮಳೆಗಾಲದಲ್ಲಿ ವ್ಯಾಪಾರ ಕಡಿಮೆ, ಡೀಪ್ ಫ್ರೀಜರ್ ಅರ್ಧ ಖಾಲಿ. ಬಾಡಿಗೆ ಕೊಟ್ಟರೆ ಒಪ್ಪುತ್ತಾರೆ, ವಾರಕ್ಕೆ ನೂರೋ ನೂರೈವತ್ತೋ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಇಡಬೇಕು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಹೊರಗಿನ ತೇವವೆಲ್ಲ ತಣ್ಣನೆಯ ಹಾಳೆಯ ಮೇಲೆ ನೀರಾಗಿ ಕೂರುತ್ತದೆ, ಒಣಗಿಸಿದ್ದೆಲ್ಲ ದಂಡ.

ಅಂಟಿಸಲು ಮೈದಾ ಅಂಟು ಬೇಡ, ಹುಳಕ್ಕೆ ಊಟ ಬಡಿಸಿದಂತೆ. ಮೈಲುತುತ್ತ ಸೇರಿಸಿದರೂ ನಮ್ಮ ಥಂಡಿಗೆ ತಡೆಯುವುದಿಲ್ಲ. ಫೆವಿಕಾಲ್‌ಗೆ ನೀರು ಬೆರೆಸಿದ್ದು ಸಾಕು. ಜೊತೆಗೆ ಇನ್ನೊಂದು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ಸೆಲ್ಲೊಟೇಪ್ ಮೂರ್ನಾಲ್ಕು ವರ್ಷಕ್ಕೆ ಹಳದಿಯಾಗಿ ಬಿಟ್ಟುಕೊಳ್ಳುತ್ತದೆ. ದಪ್ಪ ಕಾಂಡಕ್ಕೆ ಮೇಣದ ನೂಲಿನ ಹೊಲಿಗೆ. ಬೀರುವಿನ ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇನ್ನೂರು ರೂಪಾಯಿಯ ಆರ್ದ್ರತೆ ಮೀಟರ್. ಅರವತ್ತು ದಾಟಿದರೆ ಜೆಲ್ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ಒಳಗೆ.

ದುಡ್ಡಿನ ಲೆಕ್ಕ ನೆನಪಿನಿಂದ: ಬಡಗಿಯ ಬಳಿ ಉಳಿದ ಪ್ಲೈವುಡ್ ತುಂಡುಗಳು ಏಳುನೂರು, ಥರ್ಮೋಸ್ಟಾಟ್ ಮುನ್ನೂರೈವತ್ತು, ಹೋಲ್ಡರ್, ವೈರ್, ಬಲ್ಬು ಸೇರಿ ಮುನ್ನೂರು, ಫ್ಯಾನು ಗುಜರಿಯಲ್ಲಿ ಐವತ್ತು, ಜಾಲರಿ, ಸರಳು, ಬೆಲ್ಟ್ ಮುನ್ನೂರರ ಹತ್ತಿರ. ಲ್ಯಾಬ್ ಸಾಮಾನಿನವರು ಓವನ್‌ಗೆ ಕೊಟ್ಟ ಕೊಟೇಶನ್ ನಲವತ್ತು ಸಾವಿರದ ಸಮೀಪ ಇತ್ತು, ಅದರಲ್ಲಿ ಗಾಳಿಯ ಫ್ಯಾನ್ ಬೇಕಾದರೆ ಬೇರೆ ದರ. ಕರೆಂಟ್, ಥರ್ಮೋಸ್ಟಾಟ್ ಆರಿಸುತ್ತ ಹೊತ್ತಿಸುತ್ತ ಇರುವುದರಿಂದ ದಿನಕ್ಕೆ ಮೂರು ನಾಲ್ಕು ಯೂನಿಟ್. ಗೃಹಜ್ಯೋತಿಯ ಸರಾಸರಿ ದಾಟುವುದು ಇದರಿಂದಲೇ ಎಂದು ಮನೆಯಲ್ಲಿ ಆರೋಪವಿದೆ. ಗೀಸರ್ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್ನೂ ಬಗ್ಗದಿರುವುದು ಕಾಡು ಸುವರ್ಣಗಡ್ಡೆಯ ಹೂ. ಮೊದಲ ಮಳೆಗೆ ನೆಲದಿಂದ ಏಳುವ ಆ ಗೊಂಚಲಿನಲ್ಲಿ ನೀರೇ ನೀರು, ಜೊತೆಗೆ ಸತ್ತ ಇಲಿಯ ವಾಸನೆ. ಉದ್ದಕ್ಕೆ ಸೀಳಿ ಅರ್ಧಭಾಗ ಪ್ರೆಸ್‌ಗೆ, ಅರ್ಧಭಾಗ ಸ್ಪಿರಿಟ್ ಬಾಟಲಿಗೆ ಹಾಕುತ್ತೇನೆ. ಬಾಟಲಿಯದ್ದು ಚೆನ್ನಾಗಿಯೇ ಉಳಿಯುತ್ತದೆ. ಪ್ರೆಸ್‌ನದ್ದು ನಾಲ್ಕು ದಿನವಾದರೂ ನಡುವೆ ಹಸಿ. ತೆಳುವಾಗಿ ಬಾಳೆಕಾಯಿ ಚಿಪ್ಸ್ ಹೆಚ್ಚುವ ಮಣೆಯಲ್ಲಿ ಹೆಚ್ಚಿ, ಬಿಲ್ಲೆಗಳನ್ನು ಕ್ರಮವಾಗಿ ನಂಬರ್ ಹಾಕಿ ಒಣಗಿಸುವ ಯೋಚನೆ ಇದೆ. ಮುಂದಿನ ಮೇ ಕೊನೆಯಲ್ಲಿ ನೋಡಬೇಕು. ಯಾರಾದರೂ ಆಗಲೇ ಮಾಡಿದ್ದರೆ ಬಿಲ್ಲೆ ಎಷ್ಟು ಮಿ.ಮೀ. ದಪ್ಪ ಇಟ್ಟಿರಿ ಎಂದು ತಿಳಿಸಿ.